ಆರು ಗಂಟೆಯ ಕರೆ

ಪೋರ್ಟ್ ಕೆಲ್ಸೊ, ದಕ್ಷಿಣ ಆಸ್ಟ್ರೇಲಿಯಾ
14 ಮಾರ್ಚ್ 1978

ಶ್ರೀ ಎಡ್ವಿನ್ ಲೋಮಾಕ್ಸ್ ಅವರಿಗೆ,

ನಮಗೆ ಪರಸ್ಪರ ಪರಿಚಯವಿಲ್ಲ. ‘ಆಚೆ ದಡ’ ಧಾರಾವಾಹಿ ಮುಗಿದು ಹೆಸರುಗಳು ಓಡುವಾಗ ‘ಬರೆದವರು’ ಎಂಬಲ್ಲಿ ನಿಮ್ಮ ಹೆಸರು ಬರುತ್ತದೆ, ಅಷ್ಟೆ. ವಿಳಾಸ ಗೊತ್ತಿಲ್ಲದ್ದರಿಂದ ಇದನ್ನು ಲಂಡನ್ನಿನ ಟೆಲಿವಿಷನ್ ಕಚೇರಿಗೆ ಕಳಿಸುತ್ತಿದ್ದೇನೆ. ತಲುಪಿದರೆ ತಲುಪಲಿ.

ನಾನು ಇಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ವಯಸ್ಸು ನಲವತ್ತನಾಲ್ಕು. ಗುರುವಾರ ಸಂಜೆ ತಮ್ಮ ಕ್ಲಾರೆನ್ಸ್ (ನನಗೆ ಕ್ಲಾರಿ), ನಾನು ಇಬ್ಬರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಮ್ಮ ಧಾರಾವಾಹಿ ನೋಡುತ್ತೇವೆ. ಒಂದು ಕಂತೂ ತಪ್ಪಿಸಿಲ್ಲ. ಆದ್ದರಿಂದ ಬೈಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಬಾಗಿಲು ಹಾಕಿದಾಗ ನಿಮ್ಮ ಆಕಾಶನೌಕೆಯ ಗೋಡೆ ಅಲ್ಲಾಡುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ನಮ್ಮ ಮನೆಯ ಗೋಡೆಯೂ ಅಲ್ಲಾಡುತ್ತದೆ. ತಕರಾರಿರುವುದು ಮಾತಿನ ಬಗ್ಗೆ. ಕ್ಯಾಪ್ಟನ್ ವೇರ್ನ್ ಡಾಕ್ಟರಿಗೆ, ‘ನಿಮಗೆ ಗೊತ್ತಿರುವಂತೆ, ನಾವು ಭೂಮಿ ಬಿಟ್ಟು ಒಂಬತ್ತು ವರ್ಷವಾಯಿತು’ ಎನ್ನುತ್ತಾನೆ. ಗೊತ್ತಿದ್ದರೆ ಹೇಳುವುದೇಕೆ? ನಾನು ಕ್ಲಾರಿಗೆ ‘ನಿನಗೆ ಗೊತ್ತಿರುವಂತೆ ನಮ್ಮಪ್ಪ ಮೀನುಗಾರ’ ಎಂದರೆ ಅವನು ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಾನೆ. ನಿಮ್ಮ ಜನ ಒಂಬತ್ತು ವರ್ಷದಲ್ಲಿ ಒಂದು ಸಲವೂ ಊಟ ಮಾಡಿದ್ದನ್ನು ನಾವು ನೋಡಿಲ್ಲ. ಒಬ್ಬರಿಗೂ ಹಲ್ಲುನೋವು ಬಂದಿಲ್ಲ.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಕಳೆದ ವಾರದ ಕಂತು ಸಹಿಸಲಾಗಲಿಲ್ಲ. ದೂರದ ನೌಕೆಯೊಂದರಿಂದ ಅಪಾಯದ ಕರೆ ಬಂತು. ಮರುಗಳಿಗೆಯೇ ಎಲ್ಲರೂ ಎದ್ದು ನಿಂತು ಮುಖ ಗಂಭೀರ ಮಾಡಿಕೊಂಡರು, ನೌಕೆ ತಿರುಗಿತು. ಕರೆ ಬಂದಾಗ ಜನ ಹಾಗಿರುವುದಿಲ್ಲ ಸ್ವಾಮಿ. ಒಬ್ಬ ಪಾತ್ರೆ ತೊಳೆಯುತ್ತಿರುತ್ತಾನೆ. ಒಬ್ಬಳಿಗೆ ಕೇಳಿಸಿಯೇ ಇರುವುದಿಲ್ಲ. ಇನ್ನೊಬ್ಬನಿಗೆ ಕೇಳಿಸಿದರೂ ‘ಯಾರೋ ನೋಡ್ಕೋತಾರೆ ಬಿಡು’ ಅನ್ನಿಸಿರುತ್ತದೆ. ನೀವು ನಕ್ಷತ್ರಗಳ ಬಗ್ಗೆ ಏನು ಬೇಕಾದರೂ ಬರೆಯಿರಿ, ಯಾರೂ ಹೋಗಿ ನೋಡಿ ಬರುವುದಿಲ್ಲ. ಮನುಷ್ಯರ ಬಗ್ಗೆ ಸುಳ್ಳು ಬರೆಯಬೇಡಿ.

ಮರ್ಲ್ ಜೆಸಪ್ (ಕುಮಾರಿ)


ಸ್ಟಾಕ್‌ಪೋರ್ಟ್, ಇಂಗ್ಲೆಂಡ್
3 ಏಪ್ರಿಲ್ 1978

ಕುಮಾರಿ ಜೆಸಪ್ ಅವರಿಗೆ,

ನನಗೆ ಬರುವ ಪತ್ರಗಳು ಎರಡೇ ಬಗೆಯವು. ಕ್ಯಾಪ್ಟನ್ ವೇರ್ನ್ ಪಾತ್ರಧಾರಿಗೆ ಮದುವೆಯಾಗಿದೆಯೇ ಎಂದು ಕೇಳುವುದು ಒಂದು ಬಗೆ. ಬೆಳಕಿನ ವೇಗವನ್ನು ನಾನು ತಪ್ಪು ಲೆಕ್ಕ ಹಾಕಿದ್ದೇನೆ ಎಂದು ತೋರಿಸಿಕೊಡುವುದು ಇನ್ನೊಂದು. ನಿಮ್ಮದು ಮೂರನೆಯ ಬಗೆ. ಅದನ್ನು ಹೆಂಡತಿ ವಿನಿಫ್ರೆಡ್‌ಗೆ ಓದಿ ಹೇಳಿದೆ. ಅವಳು ಇಸ್ತ್ರಿ ಮಾಡುತ್ತಲೇ, “ಆ ಹೆಂಗ್ಸು ಹೇಳಿರೋದ್ರಲ್ಲಿ ತಪ್ಪೇನಿದೆ? ಹದಿನೈದು ವರ್ಷದಿಂದ ನಾನೂ ಇದನ್ನೇ ಹೇಳ್ತಿದೀನಲ್ಲ, ನಾನು ಸ್ಟಾಂಪ್ ಅಂಟ್ಸಿ ಕಳ್ಸಿಲ್ಲ ಅಂತ ಕೇಳಿಸ್ಕೊಂಡಿಲ್ವೇನೋ” ಎಂದಳು.

ಒಂದಿಷ್ಟು ಸಮರ್ಥನೆ ಮಾಡಿಕೊಳ್ಳುತ್ತೇನೆ. ಮೊದಲು ಗ್ಯಾಸ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಈಗ ಹಿಂದಿನ ಮಲಗುವ ಕೋಣೆಯಲ್ಲಿ ಕೂತು ಒಂದು ಕಂತನ್ನು ಹನ್ನೆರಡು ದಿನದಲ್ಲಿ ಮುಗಿಸಬೇಕು. ಊಟದ ದೃಶ್ಯ ಬರೆದರೆ ನಿರ್ದೇಶಕರು ಕತ್ತರಿಸುತ್ತಾರೆ, ಆಹಾರ ದೀಪದ ಬಿಸಿಗೆ ಹಳಸುತ್ತದಂತೆ. ಇಷ್ಟು ಹೇಳಿದ ಮೇಲೂ, ಅಪಾಯದ ಕರೆಯ ಬಗ್ಗೆ ನೀವು ಹೇಳಿದ್ದು ನನ್ನನ್ನು ಬಿಡುತ್ತಿಲ್ಲ. ನೀವು ಅದನ್ನು ಕಂಡವರ ಹಾಗೆ ಬರೆದಿದ್ದೀರಿ. ಹೇಗಿರುತ್ತದೆ ಅದು? ತಿಳಿಸಿದರೆ ಉಪಕಾರವಾಗುತ್ತದೆ.

ಎಡ್ವಿನ್ ಲೋಮಾಕ್ಸ್


ಪೋರ್ಟ್ ಕೆಲ್ಸೊ
2 ಮೇ 1978

ಶ್ರೀ ಲೋಮಾಕ್ಸ್ ಅವರಿಗೆ,

ನೀವು ಉತ್ತರ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಕೇಳಿದ್ದೀರಿ, ಹೇಳುತ್ತೇನೆ.

ನಮ್ಮಪ್ಪ ಕಡಲ ಸಿಗಡಿ ಹಿಡಿಯುತ್ತಿದ್ದ. ದೋಣಿಗೆ ಅಮ್ಮನ ಹೆಸರು, ‘ಎಲ್ವಾ’. ಅಡುಗೆಮನೆಯ ಮೂಲೆಯಲ್ಲಿ ಹಸಿರು ಬಣ್ಣದ ರೇಡಿಯೋ ಪೆಟ್ಟಿಗೆ ಇತ್ತು, ಹಾಡು ಕೇಳುವುದಲ್ಲ, ದೋಣಿಯ ಜೊತೆ ಮಾತಾಡುವುದು. ಪ್ರತಿದಿನ ಸಂಜೆ ಆರಕ್ಕೆ ಅಪ್ಪ ಕರೆಯುತ್ತಿದ್ದ. “ಎಲ್ವಾ ಇಂದ ಮನೆಗೆ. ಯಾರಿದೀರಿ ಅಲ್ಲಿ?” ನಾವು ಮೂವರಲ್ಲಿ ಆ ದಿನ ಯಾರ ಪಾಳಿಯೋ ಅವರು ಗುಂಡಿ ಒತ್ತಿ ಮಾತಾಡಬೇಕು. ಅವನು ಊಟಕ್ಕೇನು ಎಂದು ಕೇಳುವನು. ಕುರಿಮಾಂಸ ಎಂದರೆ, “ಮತ್ತೆ ಕುರಿನಾ? ಹಂಗಾದ್ರೆ ನಾನ್ ಇಲ್ಲೇ ಇರ್ತೀನಿ ಬಿಡಿ” ಎನ್ನುವನು. ಅಪಾಯದ ಕರೆಗೂ ಅದೇ ಪೆಟ್ಟಿಗೆ, ಅದೇ ದನಿ.

1953ರ ಏಪ್ರಿಲ್ 27. ಅಮ್ಮ ಹಲ್ಲು ಕೀಳಿಸಲು ಮೌಂಟ್ ಗ್ಯಾಂಬಿಯರ್‌ಗೆ ಹೋಗಿದ್ದಳು. ನನಗೆ ಹತ್ತೊಂಬತ್ತು, ಕ್ಲಾರಿಗೆ ಹದಿನೇಳು. ಅವತ್ತು ಕ್ಲಾರಿಯ ಪಾಳಿ. ನಾನು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಅವನು ಸೈಕಲ್ಲಿನ ಚೈನು ತರಲು ಪಕ್ಕದ ಬೀದಿಗೆ ಹೋದ. ಕಾಲು ಗಂಟೆ ಹೋಗಿದ್ದಿರಬೇಕು. ಆ ಕಾಲು ಗಂಟೆಯಲ್ಲೇ ಅಪ್ಪ ಕರೆದದ್ದು. ಅವನ ದೋಣಿಯ ತಳದ ಪಂಖಕ್ಕೆ ಹಗ್ಗ ಸುತ್ತಿಕೊಂಡು, ದೋಣಿ ಬಂಡೆಗಳ ಕಡೆ ಸರಿಯುತ್ತಿತ್ತು. ನಮ್ಮ ಬಂದರಿನಿಂದ ದೋಣಿ ಹೊರಟಿದ್ದರೆ ಮುಕ್ಕಾಲು ಗಂಟೆಯ ದಾರಿ. ಅವನ ದನಿ ಕೇಳಿಸಿದ್ದು ದಕ್ಷಿಣಕ್ಕೆ ದೂರದಲ್ಲಿದ್ದ ಒಂದೇ ದೋಣಿಗೆ. ಅದು ತಲುಪಲು ಮೂರು ಗಂಟೆ ಹಿಡಿಯಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಕ್ಲಾರಿ ಸಮುದ್ರಕ್ಕೆ ಹೋಗಲಿಲ್ಲ. ಬೇರೆಯವರ ದೋಣಿಗಳಿಗೆ ಸಿಗಡಿ ಹಿಡಿಯುವ ಬೆತ್ತದ ಬೋನು ಹೆಣೆದುಕೊಡುತ್ತಾನೆ. ಮದುವೆಯಾಗಲಿಲ್ಲ. ನಾವಿಬ್ಬರೂ ಅದೇ ಮನೆಯಲ್ಲಿದ್ದೇವೆ. ಅಮ್ಮ ಈಗ ಮೌಂಟ್ ಗ್ಯಾಂಬಿಯರ್‌ನ ವೃದ್ಧಾಶ್ರಮದಲ್ಲಿದ್ದಾಳೆ.

ಕರೆ ಬಂದಾಗ ಜನ ಹೇಗಿರುತ್ತಾರೆ ಎಂದು ಕೇಳಿದಿರಿ. ಹೀಗಿರುತ್ತಾರೆ: ಮನೆಯಲ್ಲಿರುವುದಿಲ್ಲ. ಇದನ್ನು ನಿಮಗೆ ಬರೆದದ್ದು ಕ್ಲಾರಿಗೆ ಗೊತ್ತಿಲ್ಲ.

ಮರ್ಲ್ ಜೆಸಪ್


ಸ್ಟಾಕ್‌ಪೋರ್ಟ್
28 ಮೇ 1978

ಕುಮಾರಿ ಜೆಸಪ್ ಅವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ತಮ್ಮನ ಬಗ್ಗೆ ತುಂಬ ಯೋಚಿಸಿದೆ. ಹದಿನೇಳರ ಹುಡುಗ, ಸೈಕಲ್ ಚೈನು.

ಒಂದು ಮಾತು ಕೇಳಲೇ? ಬೇಸರವಾದರೆ ಉತ್ತರಿಸಬೇಡಿ. ಆ ಪೆಟ್ಟಿಗೆಯ ಸದ್ದು ಎಷ್ಟು ದೂರ ಕೇಳಿಸುತ್ತಿತ್ತು? ಹಿತ್ತಲಿಗೆ ಕೇಳಿಸುತ್ತಿರಲಿಲ್ಲವೇ? ಅದರ ದನಿ ಏರಿಸಿ ಇಳಿಸಲು ಬರುತ್ತಿತ್ತೇ?

ಎಡ್ವಿನ್ ಲೋಮಾಕ್ಸ್


ಪೋರ್ಟ್ ಕೆಲ್ಸೊ
20 ಜೂನ್ 1978

ಶ್ರೀ ಲೋಮಾಕ್ಸ್ ಅವರಿಗೆ,

ಗುಂಡಿ ಇತ್ತು. ಗಾಳಿ ಜೋರಾಗಿತ್ತು, ಹಿತ್ತಲಿಗೆ ಕೇಳಿಸಲಿಲ್ಲ. ಅಪ್ಪ ಹನ್ನೊಂದು ಸಲ ಕರೆದ ಎಂದು ಆ ಇನ್ನೊಂದು ದೋಣಿಯವರು ವಿಚಾರಣೆಯಲ್ಲಿ ಹೇಳಿದರು.

ಇನ್ನು ನಿಮ್ಮ ಧಾರಾವಾಹಿಗೆ ಬರೋಣ. ಹಸಿರು ಮನುಷ್ಯರ ಗ್ರಹದ ಎರಡು ಕಂತುಗಳಿಗಿಂತ ಕೆಟ್ಟದ್ದನ್ನು ನಾನು ಟೆಲಿವಿಷನ್ನಿನಲ್ಲಿ ಕಂಡಿಲ್ಲ. ಎಲ್ಲಿಂದಲೋ ಬಂದ ಪ್ರಾಣಿಗಳಿಗೆ ಇಂಗ್ಲಿಷ್ ಬರುತ್ತದೆ, ಆದರೆ ‘ಪ್ರೀತಿ’ ಎಂಬ ಒಂದು ಪದ ಮಾತ್ರ ಗೊತ್ತಿಲ್ಲ. ಅದೊಂದನ್ನು ವೇರ್ನ್ ಕಲಿಸಿಕೊಡಬೇಕು. “ಚಮಚ ಅನ್ನೋ ಪದ ಗೊತ್ತಂತಾ ಅವಕ್ಕೆ?” ಎಂದು ಕ್ಲಾರಿ ಕೇಳಿದ. ಕಷ್ಟ ಬಂದಾಗಲೆಲ್ಲ ಯಾವುದೋ ಯಂತ್ರದ ತಂತಿ ಅದಲುಬದಲು ಮಾಡಿ ಪಾರಾಗುವುದನ್ನು ನಿಲ್ಲಿಸಿ. ನಿಮ್ಮ ಜನ ತಪ್ಪು ಮಾಡಲಿ, ಮಾಡಿದ ಮೇಲೆ ಮುಂದಿನ ವಾರವೂ ಅದು ಅವರಿಗೆ ನೆನಪಿರಲಿ. ಪ್ರತಿ ಗುರುವಾರ ಎಲ್ಲರೂ ಸ್ನಾನ ಮಾಡಿ ಬಂದವರ ಹಾಗೆ ಹೊಸದಾಗಿ ಶುರುಮಾಡುತ್ತಾರೆ. ಅಂಥ ಅದೃಷ್ಟ ಯಾರಿಗಿದೆ?

ಮರ್ಲ್ ಜೆಸಪ್


ಸ್ಟಾಕ್‌ಪೋರ್ಟ್
11 ಡಿಸೆಂಬರ್ 1978

ಕುಮಾರಿ ಜೆಸಪ್ ಅವರಿಗೆ,

ಕ್ರಿಸ್‌ಮಸ್ ಶುಭಾಶಯ, ಕ್ಲಾರಿಗೂ. ಇಷ್ಟು ತಿಂಗಳು ಬರೆಯಲಿಲ್ಲ, ಕ್ಷಮಿಸಿ. ಮೂರನೆಯ ಸರಣಿಗೆ ಒಪ್ಪಿಗೆ ಸಿಕ್ಕಿತು, ಹಗಲೆಲ್ಲ ಬರೆಯುತ್ತಿದ್ದೇನೆ. ನೀವು ಹೇಳಿದ್ದನ್ನು ಮರೆತಿಲ್ಲ. ಇಲ್ಲಿ ಹಿಮ ಬಿದ್ದು ಕೊಳಾಯಿ ಹೆಪ್ಪುಗಟ್ಟಿದೆ, ನಿಮ್ಮಲ್ಲಿ ಬಿಸಿಲಿರಬೇಕು.

ಎಡ್ವಿನ್ ಲೋಮಾಕ್ಸ್


ಪೋರ್ಟ್ ಕೆಲ್ಸೊ
19 ಫೆಬ್ರವರಿ 1979

ಶ್ರೀ ಲೋಮಾಕ್ಸ್ ಅವರಿಗೆ,

ಎರಡನೆಯ ಸರಣಿ ಇಲ್ಲಿ ಶುರುವಾಗಿದೆ. ಒಪ್ಪಿಕೊಳ್ಳುತ್ತೇನೆ, ಚೆನ್ನಾಗಿದೆ. ಡಾಕ್ಟರಮ್ಮ ಡಬ್ಬಿಯಿಂದ ಏನೋ ತಿಂದಳು. ತಿಂದು, “ನಿನ್ನೆಯದೇ ಚೆನ್ನಾಗಿತ್ತು” ಎಂದಳು. ನಾನೂ ಕ್ಲಾರಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಅಕ್ಕ, ಇದು ನೀನ್ ಹೇಳಿದ್ದಲ್ವೇನೇ?” ಎಂದ. ನಿಮಗೆ ಪತ್ರ ಬರೆದದ್ದನ್ನು ಅವನಿಗೆ ಹೇಳಿದ್ದೇನೆ, ಊಟದ ವಿಷಯ ಮಾತ್ರ. ಅಂದಿನಿಂದ ಅವನು ಬೀದಿಯಲ್ಲಿ ಸಿಕ್ಕವರಿಗೆಲ್ಲ, “ನಮ್ಮಕ್ಕ ಲಂಡನ್‌ನೋರಿಗೆ ಕಥೆ ಹೇಳ್ಕೊಡ್ತಾಳೆ” ಎಂದು ಹೇಳುತ್ತಿದ್ದಾನೆ. ಅವನು ಹಾಗೆ ಜಂಬದಿಂದ ಮಾತಾಡಿದ್ದನ್ನು ನಾನು ಕಂಡಿದ್ದೇ ಕಡಿಮೆ. ಮೂರನೆಯದರಲ್ಲಿ ಏನಿದೆ? ಇಂಗ್ಲೆಂಡಿನವರು ನಮಗಿಂತ ತಿಂಗಳುಗಟ್ಟಲೆ ಮೊದಲೇ ನೋಡಿಬಿಡುತ್ತೀರಿ, ಅದು ಅನ್ಯಾಯ.

ಮರ್ಲ್ ಜೆಸಪ್


ಸ್ಟಾಕ್‌ಪೋರ್ಟ್
30 ಸೆಪ್ಟೆಂಬರ್ 1979

ಪ್ರಿಯ ಕುಮಾರಿ ಜೆಸಪ್,

ಫೆಬ್ರವರಿಯಲ್ಲೇ ಬರೆಯಬೇಕಿದ್ದ ಪತ್ರ ಇದು. ಧೈರ್ಯ ಬರಲಿಲ್ಲ.

ಮೂರನೆಯ ಸರಣಿಯ ಐದನೆಯ ಕಂತು ಇಲ್ಲಿ ಕಳೆದ ವಾರ ಪ್ರಸಾರವಾಯಿತು. ಚಂದ್ರನಾಚೆಯ ಒಂದು ಗಣಿಠಾಣೆ. ಅಕ್ಕ, ತಮ್ಮ. ಅಪ್ಪ ಸಣ್ಣ ನೌಕೆಯಲ್ಲಿ ಹೊರಗೆ ಹೋಗಿದ್ದಾನೆ, ದಿನಾ ಆರು ಗಂಟೆಗೆ ಕರೆಯುತ್ತಾನೆ. ಒಂದು ದಿನ ಯಾರೂ ಉತ್ತರಿಸುವುದಿಲ್ಲ. ಹನ್ನೊಂದು ಸಲ.

ನಿಮ್ಮನ್ನು ಕೇಳಲಿಲ್ಲ. ಕೇಳಿದರೆ ಬೇಡವೆನ್ನುತ್ತೀರಿ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ನನ್ನ ಬದುಕಿನಲ್ಲೇ ಒಳ್ಳೆಯ ಬರವಣಿಗೆ ಇದು ಎಂದು ಪತ್ರಿಕೆಗಳು ಬರೆದಿವೆ. ಒಂದು ಬಹುಮಾನಕ್ಕೂ ಹೆಸರು ಸೂಚಿಸಿದ್ದಾರೆ. ಅಭಿನಂದಿಸಿ ಬಂದ ಪ್ರತಿ ಫೋನು ಎತ್ತಿದಾಗಲೂ ಕಳ್ಳಮಾಲು ಕೈಯಲ್ಲಿ ಹಿಡಿದು ನಿಂತ ಹಾಗಾಗುತ್ತದೆ. ವಿನಿಫ್ರೆಡ್ ನೋಡಿ, “ಇದು ಆಸ್ಟ್ರೇಲಿಯಾದವಳದ್ದಲ್ವಾ? ಅವಳಿಗೆ ಗೊತ್ತಾ?” ಎಂದಳು. ಇಲ್ಲ ಎಂದೆ. ಅವಳು ಕೋಣೆಯಿಂದ ಎದ್ದುಹೋದಳು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾನು ಕಥೆಯನ್ನು ಬದಲಿಸಿದೆ. ಹುಡುಗ ಹೊರಗೆ ಹೋದ, ಅಷ್ಟರಲ್ಲಿ ಕರೆ ಬಂತು ಎಂದರೆ ಅದು ದುರದೃಷ್ಟವಾಗುತ್ತದೆ, ನಾಟಕವಾಗುವುದಿಲ್ಲ. ಯಾರಾದರೂ ಏನಾದರೂ ಮಾಡಿರಬೇಕು. ಆದ್ದರಿಂದ ನನ್ನ ಕಂತಿನಲ್ಲಿ ತಮ್ಮ ಹೊರಗೆ ಹೋಗುವಾಗ ಅಕ್ಕನಿಗೆ ನೋಡಿಕೋ ಎಂದು ಹೇಳಿ ಹೋಗುತ್ತಾನೆ. ಅವಳು ಬೇರೇನನ್ನೋ ಕೇಳುತ್ತಿರುತ್ತಾಳೆ, ಪೆಟ್ಟಿಗೆಯ ಕರಕರ ಸದ್ದಿಗೆ ಬೇಸತ್ತು ಗುಂಡಿ ತಿರುಗಿಸಿ ದನಿ ಇಳಿಸುತ್ತಾಳೆ. ಆಮೇಲೆ ತಪ್ಪು ತಮ್ಮನ ಮೇಲೆ ಬರುತ್ತದೆ, ಅವಳು ಸುಮ್ಮನಿರುತ್ತಾಳೆ. ನಂಬಿ ನನಗೆ ಮನೆಯ ದುಃಖ ಹೇಳಿಕೊಂಡ ಹೆಂಗಸಿನ ಮೇಲೆ, ಅವಳು ಮಾಡದ ಅಪರಾಧವನ್ನು ಹೊರಿಸಿದೆ. ಅದು ನಿಮ್ಮಲ್ಲಿ ಬರುವ ವರ್ಷದ ನಡುವಿಗೆ ಬರಬಹುದು. ನೋಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಎಡ್ವಿನ್ ಲೋಮಾಕ್ಸ್


ಸ್ಟಾಕ್‌ಪೋರ್ಟ್
10 ಜನವರಿ 1980

ಪ್ರಿಯ ಕುಮಾರಿ ಜೆಸಪ್,

ಉತ್ತರವಿಲ್ಲ. ನನಗೆ ಆಶ್ಚರ್ಯವೂ ಇಲ್ಲ. ಆ ಕಂತನ್ನು ಆಸ್ಟ್ರೇಲಿಯಾಕ್ಕೆ ಕಳಿಸಬೇಡಿ ಎಂದು ಕಚೇರಿಗೆ ಬರೆದೆ. ಸರಣಿಯನ್ನು ಒಟ್ಟಿಗೆ ಮಾರಿಯಾಗಿದೆ ಎಂದರು. ಬಹುಮಾನ ಬಂತು. ಹೋಗಿ ತೆಗೆದುಕೊಂಡೆ ಎನ್ನುವುದನ್ನೂ ನಿಮಗೆ ಹೇಳಬೇಕು. ಹೋಗದೇ ಇರಬಹುದಿತ್ತು. ಸೂಟು ಹಾಕಿಕೊಂಡು ಹೋಗಿ, ವೇದಿಕೆ ಹತ್ತಿ, ಎಲ್ಲರಿಗೂ ವಂದನೆ ಹೇಳಿದೆ. ನಿಮ್ಮ ಹೆಸರು ಹೇಳಲಿಲ್ಲ.

ಎಡ್ವಿನ್ ಲೋಮಾಕ್ಸ್


ಪೋರ್ಟ್ ಕೆಲ್ಸೊ
16 ಫೆಬ್ರವರಿ 1980

ಶ್ರೀ ಲೋಮಾಕ್ಸ್ ಅವರಿಗೆ,

ಎರಡೂ ಪತ್ರ ತಲುಪಿವೆ. ನಿಮ್ಮ ಕಂತಿನಲ್ಲಿ ಅವಳು ಏನನ್ನು ಕೇಳುತ್ತಿದ್ದಳು?

ಮ. ಜೆ.


ಸ್ಟಾಕ್‌ಪೋರ್ಟ್
4 ಮಾರ್ಚ್ 1980

ಪ್ರಿಯ ಕುಮಾರಿ ಜೆಸಪ್,

ನಿಮ್ಮ ಅಕ್ಷರ ನೋಡಿ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಒಂದೇ ಸಾಲಾದರೂ ಅದು ಹಳೆಯ ಮರ್ಲ್ ಜೆಸಪ್ ಕೇಳುವ ಪ್ರಶ್ನೆ, ಬರವಣಿಗೆಯ ಸಡಿಲ ಹೊಲಿಗೆ ಎಲ್ಲಿದೆಯೋ ಅಲ್ಲಿಗೇ ಬೆರಳು. ಅವಳು ಸಂಗೀತ ಕೇಳುತ್ತಿದ್ದಳು, ಭೂಮಿಯಿಂದ ಬರುವ ಯಾವುದೋ ಕುಣಿತದ ಸಂಗೀತ. ಹೆಚ್ಚು ಯೋಚಿಸಲಿಲ್ಲ. ಹುಡುಗಿಯರು ಸಂಗೀತ ಕೇಳುತ್ತಾರೆ ಎಂದುಕೊಂಡೆ. ದುರ್ಬಲ ಜಾಗ ಅದು, ಅಲ್ಲವೇ? ನೀವು ಮತ್ತೆ ಬೈಯಲು ಶುರುಮಾಡಿದರೆ ನನಗಿಂತ ಸಂತೋಷಪಡುವವರಿಲ್ಲ.

ಎಡ್ವಿನ್ ಲೋಮಾಕ್ಸ್


ಪೋರ್ಟ್ ಕೆಲ್ಸೊ
13 ಜುಲೈ 1980

ಶ್ರೀ ಲೋಮಾಕ್ಸ್ ಅವರಿಗೆ,

ಗುರುವಾರ ನಿಮ್ಮ ಕಂತು ಬಂತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ಕ್ಷಮೆ ಕೇಳಿದ್ದೀರಿ, ಆದರೆ ತಪ್ಪು ವಿಷಯಕ್ಕೆ ಕೇಳಿದ್ದೀರಿ.

ಕ್ಲಾರಿ ಅದನ್ನು ನೋಡಬಾರದೆಂದು ನಾನು ಮಾಡಿದ್ದು ಇದು. ಬುಧವಾರ ಅವನು ಅಂಗಡಿಗೆ ಹೋದಾಗ ಟೆಲಿವಿಷನ್ನಿನ ಹಿಂದೆ ಕೈಹಾಕಿ ಆಂಟೆನಾದ ತಂತಿ ಕಿತ್ತು ಸಡಿಲವಾಗಿ ಬಿಟ್ಟೆ. ಗುರುವಾರ ಸಂಜೆ ಪರದೆಯ ತುಂಬ ಚುಕ್ಕಿ. “ಹೋಗ್ಲಿ ಬಿಡೋ, ಈ ವಾರ ಬೇಡ” ಎಂದೆ. ಅವನು ಆಗಲೇ ಏಣಿ ತಂದಿದ್ದ. ಮಳೆ ಜಿನುಗುತ್ತಿತ್ತು. “ನಿಂದೊಂದೇ ಕಾರ್ಯಕ್ರಮ ಕಣಕ್ಕ, ಅದನ್ನೂ ತಪ್ಪಿಸ್ಕೋತೀಯಾ?” ಎಂದು ತಗಡಿನ ಮಾಡು ಹತ್ತಿದ. ಮೇಲಿನಿಂದ, “ಈಗ್ ಬಂತಾ? ಈಗ?” ಎಂದು ಕೂಗುತ್ತಿದ್ದ. ಬಂದಿಲ್ಲ ಎಂದು ಕೂಗುತ್ತ ನಾನು ಕೆಳಗೆ ಕೈಕಟ್ಟಿ ನಿಂತಿದ್ದೆ. ಕೊನೆಗೆ ಅವನೇ ಒಳಗೆ ಬಂದು ಹಿಂದೆ ತಡಕಿ, ತಂತಿ ಸಿಕ್ಕಿಸಿ, ಒದ್ದೆ ಕೋಟಿನಲ್ಲೇ ಕೂತ. “ಇಲಿ ಎಳೆದಿರ್ಬೇಕು” ಎಂದ.

ಪೂರ್ತಿ ನೋಡಿದೆವು. ತಟ್ಟೆಯಲ್ಲಿದ್ದದ್ದು ಹಾಗೇ ತಣ್ಣಗಾಯಿತು. ಮುಗಿದ ಮೇಲೆ ಅವನು, “ಇದನ್ನ ನೀನ್ ಹೇಳಿದ್ದಾ ಅವ್ರಿಗೆ?” ಎಂದು ಕೇಳಿದ. ಹೌದೆಂದೆ. ಸಿಟ್ಟಾಗಲಿಲ್ಲ. “ಅಪ್ಪನ್ ಹಾಗೇ ಕರೀತಾನೆ ಆ ಪಾತ್ರದೋನು. ಅಷ್ಟ್ ಚೆನ್ನಾಗ್ ಮಾಡಿದಾನೆ,” ಎಂದ. ಆಮೇಲೆ, “ಒಂದು ಮಾತ್ರ ಸುಳ್ಳು ಬರ್ದಿದಾರೆ ನಿಮ್ಮ ಲಂಡನ್‌ನೋರು. ಆ ಹುಡುಗಿದು. ಅಕ್ಕ ಆದವ್ಳು ಹಂಗ್ ಮಾಡಲ್ಲ. ತಪ್ಪು ಮಾಡ್ಬೋದು, ಆದ್ರೆ ಅಷ್ಟು ವರ್ಷ ಸುಮ್ನಿರಲ್ಲ. ನೀನ್ ಬರ್ದು ಹೇಳು ಅವ್ರಿಗೆ,” ಎಂದ.

ನಾನು, “ಅದೊಂದೇ ನಿಜ ಕ್ಲಾರಿ” ಎಂದೆ.

ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿರಲಿಲ್ಲ ನಾನು. ಕ್ಲಾರಿ ಹೊರಡುವಾಗ ಬಾಗಿಲಲ್ಲಿ ನಿಂತು, “ಅಕ್ಕ, ಒಂದ್ ಹತ್ ನಿಮ್ಷ ನೋಡ್ಕೋ” ಎಂದಿದ್ದ. ನಾನು ಹೂಂ ಎನ್ನಲಿಲ್ಲ. ಕೇಳಿಸಿಕೊಂಡಿದ್ದೆ. ಅಡುಗೆಮನೆಯ ಇನ್ನೊಂದು ರೇಡಿಯೋದಲ್ಲಿ ಆ ಹೊತ್ತಿಗೆ ಮಕ್ಕಳ ಧಾರಾವಾಹಿ ಬರುತ್ತಿತ್ತು. ರಾಕೆಟ್ಟಿನಲ್ಲಿ ಮಂಗಳ ಗ್ರಹಕ್ಕೆ ಹೋದವರ ಕಥೆ. ಹತ್ತೊಂಬತ್ತರ ಹುಡುಗಿ ಅದನ್ನು ಕೇಳುತ್ತಾಳೆ ಎಂದು ಯಾರಿಗಾದರೂ ಗೊತ್ತಾದರೆ ನಾಚಿಕೆ ಎಂದು ನಾನು ಯಾವಾಗಲೂ ಸದ್ದು ಕಡಿಮೆ ಇಟ್ಟು, ಕಿವಿ ತಗುಲಿಸಿ ಕೂತು ಕೇಳುತ್ತಿದ್ದೆ. ಅವತ್ತು ಅವರು ಇಳಿಯುವ ದಿನ. ಹಸಿರು ಪೆಟ್ಟಿಗೆ ಕರಕರ ಎನ್ನುತ್ತಿತ್ತು. ಎದ್ದು ಅದರ ಗುಂಡಿ ಪೂರ್ತಿ ತಿರುಗಿಸಿದೆ. ಮುಗಿದ ಮೇಲೆ ಮತ್ತೆ ಏರಿಸಿದೆ. ಪೆಟ್ಟಿಗೆಯಲ್ಲಿ ಬರೀ ಸಮುದ್ರದ ಸದ್ದಿನಂಥದ್ದು ಬರುತ್ತಿತ್ತು. ಕ್ಲಾರಿ ಬಂದು “ಅಪ್ಪ ಕರೆದ್ನಾ?” ಎಂದ. “ನಂಗೇನ್ ಗೊತ್ತು, ಬಟ್ಟೆ ತೆಗೀತಿದ್ದೆ” ಎಂದೆ. ಆಗ ಏನೂ ಆಗಿಲ್ಲ ಎಂದುಕೊಂಡೇ ಹಾಗೆ ಹೇಳಿದ್ದು. ಮಾರನೆಯ ದಿನ ಎಲ್ಲ ತಿಳಿದಾಗ ಆ ಮಾತು ಆಗಲೇ ಮನೆಯಲ್ಲಿ ಕೂತುಬಿಟ್ಟಿತ್ತು. ಅಮ್ಮ ಕ್ಲಾರಿಯ ಕಡೆ ನೋಡಿದಳು. ‘ನೋಡ್ಕೋ’ ಎಂದು ಹೇಳಿದ್ದು ನನಗೆ ಕೇಳಿಸಿರಲಿಲ್ಲ ಎಂದೇ ಅವನು ಇಷ್ಟು ವರ್ಷ ನಂಬಿದ್ದ. ಅವತ್ತಿನಿಂದ ಅಮ್ಮ ಅವನನ್ನು ಹೆಸರು ಹಿಡಿದು ಕರೆದಿಲ್ಲ. ‘ಅವನು’ ಎನ್ನುತ್ತಾಳೆ, ಎದುರಿಗೇ ಇದ್ದರೂ.

ಇಷ್ಟನ್ನೂ ಅವನಿಗೆ ಹೇಳಿದೆ. ಅವನು ಒದ್ದೆ ಕೋಟು ಬಿಚ್ಚಿರಲಿಲ್ಲ. ಎದ್ದು ತಟ್ಟೆಗಳನ್ನು ತೊಳೆದ, ಎರಡನ್ನೂ. ಒರೆಸಿ ಕಪಾಟಿನಲ್ಲಿಟ್ಟ. “ಮಂಗಳಕ್ಕೆ ತಲುಪಿದ್ರಾ ಅವ್ರು?” ಎಂದು ಕೇಳಿದ. ನಾನು ಹೌದೆಂದೆ. ಬೋನು ಹೆಣೆಯುವ ಕೊಟ್ಟಿಗೆಗೆ ಹೋದ. ಮೂರು ದಿನದಿಂದ ಅಲ್ಲೇ ಇದ್ದಾನೆ.

ಮರ್ಲ್ ಜೆಸಪ್


ಸ್ಟಾಕ್‌ಪೋರ್ಟ್
2 ಆಗಸ್ಟ್ 1980

ಪ್ರಿಯ ಮರ್ಲ್,

ಹೆಸರು ಹಿಡಿದು ಕರೆದದ್ದಕ್ಕೆ ಕ್ಷಮಿಸಿ. ನಾನು ಹಾಕಿದ್ದು ಬರೀ ಅಂದಾಜು. ಕಥೆ ನಿಲ್ಲಲು ಒಂದು ಕಂಬ ಬೇಕಿತ್ತು, ಕೈಗೆ ಸಿಕ್ಕಿದ್ದನ್ನು ನೆಟ್ಟೆ. ಅದು ನಿಮ್ಮ ಮನೆಯ ನೆಲವನ್ನೇ ತೂತು ಮಾಡುತ್ತದೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಲ್ಲಿಸುತ್ತಿದ್ದೆ ಎಂದು ಹೇಳಲು ಆಸೆ, ಆದರೆ ನಿಮಗೆ ಇನ್ನು ಸುಳ್ಳು ಹೇಳುವುದಿಲ್ಲ.

ಇನ್ನೊಂದನ್ನು ಒಪ್ಪಿಕೊಳ್ಳದೆ ಈ ಪತ್ರ ಮುಗಿಸಲಾರೆ. ನಿಮ್ಮ ಪತ್ರ ಓದುತ್ತ, ಮಕ್ಕಳ ಧಾರಾವಾಹಿ, ಮಂಗಳಕ್ಕೆ ಇಳಿಯುವ ದಿನ ಎಂಬಲ್ಲಿಗೆ ಬಂದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ನೀವಲ್ಲ, ನಿಮ್ಮ ತಮ್ಮನಲ್ಲ. ‘ಇದು ಸಂಗೀತಕ್ಕಿಂತ ಎಷ್ಟು ಚೆನ್ನಾಗಿದೆ’ ಎಂಬ ಮಾತು ಬಂತು. ಪೆನ್ನು ಹುಡುಕಲು ಕೈ ಹೋಯಿತು. ಐವತ್ತೆರಡು ವರ್ಷದ ಮನುಷ್ಯ ನಾನು. ನನ್ನ ಕೈಯನ್ನು ನಾನೇ ನೋಡುತ್ತ ಕೂತೆ.

ವಿನಿಫ್ರೆಡ್ ಕೇಳುತ್ತಿದ್ದಾಳೆ, ಕ್ಲಾರಿ ಕೊಟ್ಟಿಗೆಯಿಂದ ಬಂದನೇ?

ಎಡ್ವಿನ್


ಪೋರ್ಟ್ ಕೆಲ್ಸೊ
5 ಅಕ್ಟೋಬರ್ 1980

ಪ್ರಿಯ ಎಡ್ವಿನ್,

ನಾಚಿಕೆಪಡಬೇಡಿ ಎಂದು ಹೇಳಲಾರೆ, ಪಡುವುದೇ ಸರಿ. ಆದರೆ ನಿಮಗೆ ಜೊತೆಯಿದೆ. ಕಂತು ನೋಡುತ್ತಿದ್ದಾಗ, ಪಕ್ಕದಲ್ಲಿ ಕ್ಲಾರಿಯ ಕೋಟಿನಿಂದ ನೀರು ತೊಟ್ಟಿಕ್ಕುತ್ತಿದ್ದಾಗ, ಆ ಹುಡುಗಿ ಕುಣಿತದ ಸಂಗೀತಕ್ಕೆ ತಲೆ ಆಡಿಸುವುದನ್ನು ಕಂಡು ನನಗೂ ಮೊದಲು ಅನ್ನಿಸಿದ್ದು ಅದೇ: ಇದು ಸರಿಯಿಲ್ಲ, ಇದನ್ನು ನಾನಾದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆ. ಹೆದರಿಕೆ ಬಂದದ್ದು ಆಮೇಲೆ.

ಕ್ಲಾರಿ ಹತ್ತನೆಯ ದಿನ ಒಳಗೆ ಬಂದ. ಬೈಯಲಿಲ್ಲ. ಬೈದಿದ್ದರೆ ಎಂದು ನಾನು ಎಷ್ಟು ಆಸೆಪಟ್ಟೆನೋ. ಬಟ್ಟೆ ಚೀಲಕ್ಕೆ ತುಂಬಿಕೊಂಡು, ಬಂದರಿನ ಹತ್ತಿರ ಒಂದು ಕೋಣೆ ನೋಡಿದ್ದೇನೆ ಎಂದ. “ಒಂದೇ ಒಂದ್ ಕೆಲ್ಸ ಮಾಡು. ಅಮ್ಮನ್‌ಗೆ ಹೇಳು. ನಾನ್ ಹೇಳಿದ್ರೆ ತಪ್ಪಿಸ್ಕೊಳ್ಳೋಕ್ ಹೇಳ್ತಿದಾನೆ ಅಂದ್ಕೋತಾಳೆ” ಎಂದ. ಎರಡು ತಿಂಗಳು ನನ್ನಿಂದ ಆಗಲಿಲ್ಲ. ಪ್ರತಿ ಭಾನುವಾರ ಅವನೇ ಟ್ರಕ್ಕಿನಲ್ಲಿ ನನ್ನನ್ನು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋಗುತ್ತಿದ್ದ, ನಾನು ಹವಾಮಾನ ಮಾತಾಡಿ ವಾಪಸು ಬರುತ್ತಿದ್ದೆ. ಅವನು ನನ್ನ ಮುಖ ನೋಡುವನು, ಏನೂ ಕೇಳದೆ ಗಾಡಿ ಹೊರಡಿಸುವನು. ಒಂಬತ್ತು ಭಾನುವಾರ. ಮೊದಲು ಇಪ್ಪತ್ತೇಳು ವರ್ಷ ಸುಮ್ಮನಿದ್ದದ್ದಕ್ಕಿಂತ ಈ ಒಂಬತ್ತು ಭಾನುವಾರಗಳೇ ನನಗೆ ಹೆಚ್ಚು ನಾಚಿಕೆ ತರುತ್ತವೆ. ಆಗ ಅವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಿದ್ದೂ ಕಾಯುತ್ತಿದ್ದ.

ಹೋದ ಭಾನುವಾರ ಹೇಳಿದೆ. ಅಮ್ಮನಿಗೆ ಎಪ್ಪತ್ತೊಂಬತ್ತು, ಕಿವಿ ಚುರುಕಾಗಿದೆ. ಪೂರ್ತಿ ಕೇಳಿದಳು. ಅಳಲಿಲ್ಲ. ಕಂಬಳಿಯ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. “ಕ್ಲಾರೆನ್ಸ್ ಎಲ್ಲಿ?” ಎಂದಳು. ಟ್ರಕ್ಕಿನಲ್ಲಿದ್ದಾನೆ ಎಂದೆ. “ಕರಿ ಅವನ್ನ. ನೀನ್ ಹೊರಗಿರು” ಎಂದಳು.

ನಾನು ಓಣಿಯಲ್ಲಿ ನಿಂತೆ. ನರ್ಸ್ ಒಬ್ಬಳು ಕುರ್ಚಿ ತಂದುಕೊಟ್ಟಳು, ಕೂರಲಾಗಲಿಲ್ಲ. ಬಾಗಿಲು ಹಾಕಿತ್ತು. ಒಂದು ಗಂಟೆಯ ಮೇಲೆ ಕ್ಲಾರಿ ಹೊರಗೆ ಬಂದ. ಅಮ್ಮ ನನ್ನನ್ನು ಮತ್ತೆ ಕರೆಯಲಿಲ್ಲ. ಮುಂದೆ ಕರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ.

ಕ್ಲಾರಿ ಗಾಡಿ ಹೊರಡಿಸಿದ. ಪೈನ್ ತೋಪು ದಾಟಿದ ಮೇಲೆ, ಸ್ಟಿಯರಿಂಗ್ ಹಿಡಿದ ಎರಡು ಕೈಗಳನ್ನೂ ನೋಡಿಕೊಳ್ಳುತ್ತ, “ಅಮ್ಮ ನನ್ ಕೈ ನೋಡಿದ್ಲು. ಇಷ್ಟೊಂದ್ ಗಾಯ ಏನೋ ಇದು, ಯಾವಾಗಿಂದ ಅಂತ ಕೇಳಿದ್ಲು. ಬೆತ್ತ ಸೀಳುವಾಗ ಆಗುತ್ತೆ ಅಂದೆ,” ಎಂದ.

ನಾನು ಕಿಟಕಿಯ ಆಚೆ ನೋಡಿದೆ. ಆ ಕೈಗಳು ಇಪ್ಪತ್ತೇಳು ವರ್ಷ ನನ್ನ ಎದುರಿಗೇ ಕೂತು ಊಟ ಮಾಡಿದ್ದವು. ನಾನು ಒಂದು ದಿನವೂ ಕೇಳಿರಲಿಲ್ಲ.

ಮರ್ಲ್